ಅಪ್ಪನ ಸೈಕಲ್ಲಿಗೆ ಕಟ್ಟಿದ ಬೋರ್ಡು

ಮೊನ್ನೆ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಹೋಗಿ ನಿಂತಿದ್ದೆ. ಪಂಕ್ಚರ್ ಹಾಕುವವನು ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಆರಲೆಂದು ಉಫ್ ಎಂದು ಊದಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಗಳನ್ನು ಅಲ್ಲೇ ಬಿಟ್ಟು ಎದುರಿನ ಹೋಟೆಲಿಗೆ ಹೋಗಿ ಬೇಡದ ಕಾಫಿ ಕುಡಿದೆ. ಕೆಲವರಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲ. ನನಗೆ ಇದು ಆಗುವುದಿಲ್ಲ.

ಅರಸೀಕೆರೆಯಲ್ಲಿ ನಮ್ಮ ಬೀದಿಯ ತುದಿಗೆ ಅಪ್ಪನ ಗೆಳೆಯರೊಬ್ಬರ ಸೈಕಲ್ ಷಾಪಿತ್ತು. ನಾವು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಸೈಕಲ್ ಮಾಮ ಎನ್ನುತ್ತಿದ್ದೆವು. ನನ್ನ ಅಪ್ಪ ಪೋಸ್ಟ್‌ಮ್ಯಾನ್. ಹಾರನಹಳ್ಳಿ ಕಡೆಯ ಊರುಗಳಿಗೆ ಸೈಕಲ್ ತುಳಿದು ಟಪಾಲು ಹಂಚಿ, ಓದಲು ಬಾರದವರಿಗೆ ಕಾಗದ ಓದಿ ಹೇಳಿ ಬರುತ್ತಿದ್ದರು. ಆ ಸೈಕಲ್ಲಿನ ಒಂದೊಂದು ಕಡ್ಡಿಯೂ ಸೈಕಲ್ ಮಾಮನಿಗೆ ಗೊತ್ತು. ಇಬ್ಬರೂ ಗಳಸ್ಯಕಂಠಸ್ಯ. ಒಮ್ಮೆ ಊರಿನಲ್ಲಿ ಕಣ್ಣಿನ ಶಿಬಿರ ನಡೆದಾಗ ಇಬ್ಬರೂ ನೇತ್ರದಾನದ ಫಾರಂ ತಂದು, ಷಾಪಿನ ಬೆಂಚಿನ ಮೇಲೆ ಕೂತೇ ತುಂಬಿದರು. ಒಬ್ಬರ ಫಾರಂಗೆ ಇನ್ನೊಬ್ಬರು ಸಾಕ್ಷಿ. ಊರವರ ಕಾಗದವನ್ನೆಲ್ಲ ಓದಿದ ಕಣ್ಣು, ಸುಮ್ಮನೆ ಮಣ್ಣಿಗೆ ಯಾಕೆ ಹಾಕಬೇಕು ಎಂದು ಅಪ್ಪ ಮನೆಯಲ್ಲಿ ಅಮ್ಮನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ... ಚೆನ್ನಾಗಿಯೇ ನೆನಪಿತ್ತು, ಆ ದಿನವೂ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೊರಟವರು ಹಾಗೇ ಕುಸಿದು ಹೋದರು. ಎಲ್ಲರಿಗಿಂತ ಮೊದಲು ಬಂದವರು ಸೈಕಲ್ ಮಾಮ. ಅತ್ತುಕೊಂಡೇ ಬಂದು, ಕಣ್ಣು ಒಣಗಬಾರದೆಂದು ಮೊದಲು ಫ್ಯಾನ್ ಆರಿಸಿದರು. ಹತ್ತಿ ಒದ್ದೆ ಮಾಡಿ ಅಪ್ಪನ ಮುಚ್ಚಿದ ಕಣ್ಣುಗಳ ಮೇಲಿಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಜೀವ ಹೋದ ಆರು ಗಂಟೆ ಒಳಗೆ ಕಣ್ಣು ತಗೋಬೇಕಂತೆ ಕಣಪ್ಪ. ನೀನು ಹೋಗಿ ಹಾಸನದ ಆಸ್ಪತ್ರೆಗೆ ಫೋನ್ ಮಾಡು. ಅವ್ರಿಗೆ ನಮ್ಮ ಬೀದಿ ಸಿಕ್ಕಲ್ಲ, ನಾನು ರೈಲ್ವೆ ಗೇಟ್ ತಾವ ನಿಂತಿರ್ತೀನಿ."

ನಾನು ಎಸ್‌ಟಿಡಿ ಬೂತಿಗೆ ಹೋದೆ. ಹಿಂದೆಯೇ ದೊಡ್ಡಪ್ಪ ಬಂದರು. ಕಣ್ಣಿಲ್ಲದೆ ಕಳಿಸಿದರೆ ಮುಂದಿನ ಜನ್ಮಕ್ಕೆ ಕುರುಡನಾಗಿ ಹುಟ್ಟುತ್ತಾನೆ, ಇದೇನಾ ನಿನ್ನ ಓದು ಎಂದರು. ನಾನು ಡಿಗ್ರಿ ಮುಗಿಸಿ ಬ್ಯಾಂಕಿನ ಕೆಲಸದಲ್ಲಿದ್ದವನು. ಎದುರು ಮಾತಾಡಬಹುದಿತ್ತು. ಕೈಯಲ್ಲಿದ್ದ ರಿಸೀವರ್ ಇಟ್ಟು ಬಂದೆ. ಮನೆಗೆ ಬಂದರೆ ಯಾರೋ ಮತ್ತೆ ಫ್ಯಾನ್ ಹಾಕಿದ್ದರು, ಹತ್ತಿ ಒಣಗಿ ಕೆಳಗೆ ಬಿದ್ದಿತ್ತು. ಮಧ್ಯಾಹ್ನ ಒಂದಕ್ಕೆಲ್ಲ ಅಪ್ಪನನ್ನು ಮಣ್ಣು ಮಾಡಿದೆವು.

ಸ್ಮಶಾನವಿದ್ದದ್ದು ಊರಿನ ಇನ್ನೊಂದು ಕಡೆ. ಗೇಟಿನ ಹತ್ತಿರ ನಿಂತವರಿಗೆ ನಾನು ಹೇಳಿ ಕಳಿಸಲಿಲ್ಲ. ಅವರು ಬಿಸಿಲಲ್ಲಿ, ಹಾಸನದಿಂದ ಬಂದ ಒಂದೊಂದು ವ್ಯಾನಿಗೂ ಕೈ ಅಡ್ಡ ಹಿಡಿಯುತ್ತಾ ನಿಂತೇ ಇದ್ದರು. ಗೆಳೆಯನ ಮುಖವನ್ನು ಕೊನೆಯ ಸಲ ನೋಡಲೂ ಆಗಲಿಲ್ಲ, ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ. ನಾಲ್ಕು ಗಂಟೆಯ ಮೇಲೆ ಮನೆಗೆ ಬಂದರು.

"ಬಂದಿದ್ರಾ? ನನ್ ಕಣ್ಗೆ ಬೀಳ್ಲೇ ಇಲ್ವಲ್ಲ."

"ಬಂದಿದ್ರು ಮಾಮ. ಆ ಕಡೆ ರಸ್ತೇಲಿ ಬಂದು ತಗೊಂಡು ಹೋದ್ರು."

ಅಮ್ಮ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವರು ಎರಡೂ ಕೈ ಎತ್ತಿ ಮುಗಿದರು. ಸದ್ಯ, ಅವನ ಮಾತು ಉಳೀತು ಎಂದರು.

ಅಪ್ಪನ ವರ್ಷದ ತಿಥಿ ಹತ್ತಿರ ಬರುತ್ತಿದ್ದಂತೆ ಆ ಯೋಚನೆ ಎತ್ತಿದವರು ಅವರೇ. ಅಪ್ಪನ ಹೆಸರಿನಲ್ಲಿ ಸೈಕಲ್ ಜಾಥಾ. ಹಾರನಹಳ್ಳಿ, ಹಳೇಬೀಡು, ಬೇಲೂರು, ಅಲ್ಲಿಂದ ಚಿಕ್ಕಮಗಳೂರು, ಕಡೂರು, ಬಾಣಾವರ ಸುತ್ತಿ ವಾಪಸ್ ಅರಸೀಕೆರೆಗೆ. ಮೂರು ದಿನ, ಏಳೆಂಟು ಜನ. ಯಾರ ಹತ್ತಿರವೂ ಕಾಸು ಕೇಳುವುದು ಬೇಡ, ಊರೂರಿಗೆ ಹೋಗಿ ನೇತ್ರದಾನದ ಫಾರಂ ತುಂಬಿಸಿಕೊಂಡು ಬರುವುದು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ದಾರಿ ಬರೆದರು. ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ನೀರು, ಯಾವ ಊರಲ್ಲಿ ಮಧ್ಯಾಹ್ನದ ಊಟ, ಎಲ್ಲ. ಅಪ್ಪನ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಚೈನು ಹಾಕಿದರು. ಅದನ್ನು ತುಳಿದು ಮುಂದೆ ಹೋಗಬೇಕಾದವನು ನಾನು.

ದಿನಾ ಸಂಜೆ ಬ್ಯಾಂಕಿನಿಂದ ಬರುವಾಗ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಷಾಪಿಗೆ ಹೋಗುತ್ತಿದ್ದೆ. ಹೋಗಿ ಕುಂಟುನೆಪ ತೆಗೆಯುತ್ತಿದ್ದೆ. ಬಿಸಿಲು ಜಾಸ್ತಿ ಎಂದರೆ, ಐದಕ್ಕೇ ಹೊರಟ್ರಾಯ್ತು ಎನ್ನುವರು. ರಜ ಸಿಗಲ್ಲ ಎಂದರೆ, ನಿಮ್ಮ ಮ್ಯಾನೇಜರ್ ಸೈಕಲ್ ನಂತಾವಾನೇ ರಿಪೇರಿಗೆ ಬರೋದು, ನಾನ್ ಹೇಳ್ತೀನಿ ಎನ್ನುವರು. ಮಂಡಿ ನೋವು ಎಂದದ್ದಕ್ಕೆ ಸಲ್ಯೂಷನ್ ಊದುತ್ತಿದ್ದವರು ಹಾಗೇ ತಲೆ ಎತ್ತಿ ನಕ್ಕರು. "ನಿಮ್ಮಪ್ಪ ಅಷ್ಟು ವರ್ಷ ತುಳಿದ್ರು, ನಿಂಗೆ ಮೂರು ದಿನಕ್ಕೆ ಮಂಡಿ ನೋವಾ?" ಪ್ರತಿ ಸಂಜೆಯೂ ಜಾಥಾದ ಇನ್ನೊಂದು ಕೆಲಸಕ್ಕೆ ಒಪ್ಪಿಕೊಂಡು ಮನೆಗೆ ಬರುತ್ತಿದ್ದೆ.

ಕೊನೆಗೆ ಬೋರ್ಡು ಬಂತು. ಹಳದಿ ಬಣ್ಣದ ತಗಡು, ಕಪ್ಪು ಅಕ್ಷರ. ಅಪ್ಪನ ಹೆಸರು, ಅದರ ಕೆಳಗೆ 'ಇವರು ತಮ್ಮ ಕಣ್ಣು ಕೊಟ್ಟು ಹೋದರು, ನೀವೂ ಕೊಡಿ'. ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಚೆಂದಾಗೈತಾ ಎಂದು ನನ್ನನ್ನು ಕೇಳಿದರು. ಚೆನ್ನಾಗಿದೆ ಎಂದೆ.

ಹೊರಟದ್ದೂ ಆಯಿತು. ಹಾರನಹಳ್ಳಿಯಲ್ಲಿ ಅಪ್ಪ ಟಪಾಲು ಕೊಡುತ್ತಿದ್ದ ಮನೆಗಳವರೇ ಉಪ್ಪಿಟ್ಟು ಮಾಡಿ ಕಾದಿದ್ದರು. ಮಧ್ಯಾಹ್ನದ ಮೇಲೆ ಹಳೇಬೀಡು ಮುಟ್ಟಿ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತೆವು. ಕಣ್ಣು ಎರಡೂ ಬೆಳ್ಳಗಾಗಿದ್ದ ಒಬ್ಬ ಅಜ್ಜಿ, ಬೋರ್ಡಿನಲ್ಲಿ ಏನಿದೆ ಎಂದು ಪಕ್ಕದವರಿಂದ ಕೇಳಿ ತಿಳಿದು, ತಡಕಾಡಿಕೊಂಡು ಬಂದು ನನ್ನ ಕೈ ಹಿಡಿದಳು.

"ನಿಮ್ಮಪ್ಪನ ಕಣ್ಣ ಯಾರ್ಗಪ್ಪ ಹಾಕವ್ರೆ? ಅವ್ರಿಗೆ ಚೆಂದಾಗಿ ಕಾಣ್ತೈತಾ?"

ಸೈಕಲ್ ಮಾಮನೇ ಉತ್ತರ ಕೊಟ್ಟರು. "ಯಾರ್ಗೆ ಅಂತ ಆಸ್ಪತ್ರೆಯೋರು ಹೇಳಕ್ಕಿಲ್ಲ ಕಣಜ್ಜಿ. ಎಲ್ಲೋ ಒಬ್ರು ನೋಡ್ತಾವ್ರೆ, ಅಷ್ಟು ಗೊತ್ತು."

ಅವರ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ನಾನು ಹೊಟ್ಟೆ ಕೆಟ್ಟಿದೆ ಎಂದೆ. ಅರಸೀಕೆರೆಯ ಬಸ್ಸು ನಿಂತಿತ್ತು. ಅವರೇ ಬಸ್ಸಿನ ಮೇಲೆ ಹತ್ತಿ, ಅಪ್ಪನ ಸೈಕಲ್ಲನ್ನು ಹಳೇ ಟ್ಯೂಬಿನಿಂದ ಬಿಗಿದು ಕಟ್ಟಿದರು. ಬೋರ್ಡನ್ನು ಬಿಚ್ಚಿ ತಮ್ಮ ಸೈಕಲ್ಲಿಗೆ ಕಟ್ಟಿಕೊಂಡರು. "ನಿಮ್ಮಪ್ಪ ನನ್ ಗಾಡೀಲಿ ಬತ್ತಾರೆ ಬಿಡು. ನೀನು ಮಜ್ಜಿಗೆ ಕುಡ್ದು ಮಲ್ಕೊ," ಎಂದರು. ಬಸ್ಸು ಕೆರೆಯ ಕಡೆ ತಿರುಗುವವರೆಗೂ ಅವರು ಬೇಲೂರಿನ ದಾರಿಯಲ್ಲಿ ಕಾಣುತ್ತಿದ್ದರು. ನಾನು ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆದರೂ ಇಳಿಯಲಿಲ್ಲ.

ಆಮೇಲೆ ನಾನೇ ಬೇಕೆಂದು ವರ್ಗ ಮಾಡಿಸಿಕೊಂಡು ಹಾಸನಕ್ಕೆ ಬಂದೆ. ಊರಿಗೆ ಹೋದರೂ ಷಾಪಿನ ಮುಂದೆ ಹೋಗದೆ ಹಿಂದಿನ ಬೀದಿಯಿಂದ ಮನೆ ಸೇರುತ್ತಿದ್ದೆ. ಮಗ ಹೊಟ್ಟೆ ನೋವು ವಾಸಿ ಮಾಡಿಸ್ಕೊಂಡ್ನಾ ಎಂದು ಅವರು ಅಮ್ಮನನ್ನು ಎಷ್ಟೋ ದಿನ ಕೇಳುತ್ತಿದ್ದರಂತೆ. ಏಳೆಂಟು ವರ್ಷ ಹೀಗೇ ಕಳೆಯಿತು. ಅವರು ತೀರಿಕೊಂಡ ಸುದ್ದಿ ಬಂದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮಗಳು ಜಗಲಿಯ ಮೇಲೆ ಕೂತಿದ್ದಳು.

"ಆಸ್ಪತ್ರೆಯವ್ರು ಬಂದು ಕಣ್ಣು ತಗೊಂಡು ಹೋದ್ರು ಅಣ್ಣ. ಚಿಕ್ಕಪ್ಪ ಬ್ಯಾಡವೇ ಬ್ಯಾಡ ಅಂತ ಹಟ ಹಿಡಿದಿದ್ರು. ಪೋಸ್ಟ್ ಮಾಮಂದು ಕೊಡಲಿಲ್ವಾ, ಅವರ ಮಗ ಚೆನ್ನಾಗಿಲ್ವಾ ಅಂತ ನಾನು ಜಗಳ ಆಡಿದೆ. ಸುಮ್ಮನಾದ್ರು."

ಒಳಗೆ ಹೋಗಿ ಆ ಬೋರ್ಡು ತಂದಳು. ಷಾಪು ಖಾಲಿ ಮಾಡುತ್ತಿದ್ದಾರಂತೆ. ನಿಮ್ಮಪ್ಪಂದಲ್ವಾ, ನೀವೇ ಇಟ್ಕೊಳಿ ಎಂದು ನನ್ನ ಕೈಗೆ ಕೊಟ್ಟಳು.

ನಿಮ್ಮ ಸುಳ್ಳಿನಿಂದಲೂ ಒಬ್ಬರಿಗೆ ಕಣ್ಣು ಬಂತಲ್ಲ, ಬಿಡಿ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ನನಗೆ ಕಾಣುವುದು ರೈಲ್ವೆ ಗೇಟಿನ ಹತ್ತಿರ ಬಿಸಿಲಲ್ಲಿ ಕೈ ಅಡ್ಡ ಹಿಡಿದು ನಿಂತವರು ಮಾತ್ರ. ಅವರಿಗೆ ನಿಜ ಹೇಳಲು ಒಂದು ವರ್ಷದ ಸಂಜೆಗಳಿದ್ದವು, ಆಮೇಲೆ ಏಳೆಂಟು ವರ್ಷಗಳಿದ್ದವು...

ಆ ಬೋರ್ಡು ನಮ್ಮ ಮನೆಯ ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿಕೊಂಡಿದೆ. ಅದರಲ್ಲಿ ಅಪ್ಪನ ಹೆಸರನ್ನು ಅಳಿಸಿ ಸೈಕಲ್ ಮಾಮನ ಹೆಸರು ಬರೆಸಿದರೆ ಅದು ನಿಜವಾಗುತ್ತದೆ. ಎರಡು ಸಲ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಪೇಂಟರ್ ಹತ್ತಿರ ಹೋಗಿದ್ದೇನೆ. ಅವನು ಬಿಚ್ಚಿ ಓದಿ, "ಚೆನ್ನಾಗೇ ಇದೆಯಲ್ಲ ಸಾರ್, ಹೆಸರು ಯಾಕೆ ಅಳಿಸಬೇಕು?" ಎಂದು ಕೇಳುತ್ತಾನೆ. ಎರಡು ಸಲವೂ ಹಾಗೇ ಸುತ್ತಿಕೊಂಡು ವಾಪಸ್ ಬಂದಿದ್ದೇನೆ.