ರಿವರ್ಬ್ ಡಬ್ಬಿಯ ತಂತಿ

ಡೇವಿಡ್, ಆ ತಂತಿಯನ್ನು ಕಿತ್ತವಳು ನಾನು. ನನ್ನ ಮಗಳು ಸುಮಾಳ ಗಿಟಾರ್ ಆಂಪ್ಲಿಫೈಯರ್ ಸುಟ್ಟದ್ದು ನಿನ್ನ ಕೆಲಸದ ತಪ್ಪಿನಿಂದಲ್ಲ. ಕೈತಪ್ಪಿ ಆದದ್ದೂ ಅಲ್ಲ — ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ.

ಪೆರಂಬೂರಿನ ನಮ್ಮ ಮನೆಯ ಹಾಲಿನಲ್ಲಿ ಕಾಲು ಮಡಚಿ ಕೂತು ನೀನು ಅದನ್ನು ರಿಪೇರಿ ಮಾಡಿದ್ದೆಯಲ್ಲ — ಹಳೆಯ ವಾಲ್ವ್ ಆಂಪ್, ತಳದಲ್ಲಿ ಸ್ಪ್ರಿಂಗ್‌ಗಳ ಉದ್ದನೆಯ ರಿವರ್ಬ್ ಡಬ್ಬಿ. ಗಿಟಾರಿನ ದನಿ ಆ ಸ್ಪ್ರಿಂಗ್‌ಗಳನ್ನು ಹಾದು ಬಂದರೆ ಬಾವಿಯೊಳಗಿಂದ ಕೇಳಿದ ಹಾಗೆ ಗುಂಯ್‌ಗುಡುತ್ತಿತ್ತು. ಡಬ್ಬಿಯ ಇಂಪೀಡೆನ್ಸ್‌ಗೆ, ಅಂದರೆ ಅದರ ವಿದ್ಯುತ್ ತಡೆಗೆ, ಹೊಂದುವ ಪುಟ್ಟ ಟ್ರಾನ್ಸ್‌ಫಾರ್ಮರ್ ಹುಡುಕಿ ಎಷ್ಟು ಅಂಗಡಿ ಅಲೆದೆಯೋ. ಕಾಫಿ ತಂದ ನನಗೂ ಹೇಳಿದ್ದೆ, ಸುಮಾಳಿಂದ ಕಲಿತ, ತಮಿಳು ಬೆರೆತ ಕನ್ನಡದಲ್ಲಿ: "ಆಂಟಿ, ಆಂಪ್ ಆನ್ ಇರೋವಾಗ ಈ ಡಬ್ಬಿ ವೈರ್ ಮಾತ್ರ ಕೀಳಬೇಡಿ. ಟ್ರಾನ್ಸ್‌ಫಾರ್ಮರ್‌ಗೆ ಲೋಡ್ ಇರಲ್ಲ, ಸುಟ್ಟೋಗತ್ತೆ. ಜೊತೇಲಿ ವಾಲ್ವೂ ಪೋಯಿಡುಂ."

ಕಾಪಾಡಲಿ ಎಂದು ನೀನು ಹೇಳಿದ್ದು. ನಾನು ಕಲಿತದ್ದು ಬೇರೆ.

ಅಷ್ಟರಲ್ಲಿ ಸುಮಾ ನಿನ್ನನ್ನೇ ಮದುವೆಯಾಗುತ್ತೇನೆ ಎಂದಿದ್ದಳು. ಚರ್ಚಿಗೆ ಹೋಗುವ ಹುಡುಗ, ನಮ್ಮವನಲ್ಲ... ಮೈಸೂರಿನ ನೆಂಟರಿಗೆ ಯಾವ ಮುಖ ತೋರಿಸಲಿ ಎಂದುಕೊಂಡೆನೇ ಹೊರತು ನಿನ್ನ ಮುಖ ನೋಡಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ನನ್ನ ಮನೆಯಲ್ಲಿ ಉಂಡವನಿಗೇ ಬಗೆದೆ.

ಟಿ. ನಗರದಲ್ಲಿ ಅವಳ ಕಾರ್ಯಕ್ರಮವಿತ್ತು. ಹಿಂದಿನ ದಿನ ಮಧ್ಯಾಹ್ನ ಅಭ್ಯಾಸದ ನಡುವೆ ಫೋನ್ ಬಂತೆಂದು ಬಾಲ್ಕನಿಗೆ ಹೋದಳು. ಆನ್ ಇದ್ದ ಆಂಪಿನ ಹಿಂದೆ ಕೈ ಹಾಕಿ ಆ ತಂತಿಯನ್ನು ಎಳೆದುಬಿಟ್ಟೆ. ವಾಪಸ್ ಬಂದವಳು ನುಡಿಸಿ ನೋಡಿದಳು. ಗುಂಯ್ ಎನ್ನುವುದು ಕೇಳಲಿಲ್ಲವೆಂದು ರಿವರ್ಬ್ ನಾಬನ್ನು ಪೂರ್ತಿ ತಿರುಗಿಸಿ ಇನ್ನೂ ಜೋರಾಗಿ ಬಾರಿಸಿದಳು. ಸುಟ್ಟ ವಾಸನೆ ಬಂತು. ಅವಳು ನಿನಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ತಂತಿಯನ್ನು ಮತ್ತೆ ಸಿಕ್ಕಿಸಿದ್ದೆ.

ನೀನು ಓಡಿ ಬಂದೆ. "ಎಲ್ಲಾ ಸರಿಯಾಗೇ ಮ್ಯಾಚ್ ಮಾಡಿದ್ದೆ, ಸುಮಾ" ಎಂದೆ. ಅವಳು "ನಿನ್ನ ಕೈಕೆಲಸ ನಂಬಿದ್ದೇ ನನ್ನ ತಪ್ಪು. ಇನ್ನು ಬರಬೇಡ" ಎಂದಳು. ಸಿಟ್ಟಿನ ಮಾತು, ಎರಡು ದಿನ ಬಿಟ್ಟರೆ ತಣ್ಣಗಾಗುತ್ತಿದ್ದಳು. ಅದಕ್ಕೂ ನಾನು ಬಿಡಲಿಲ್ಲ — "ಕೆಲಸದಲ್ಲೇ ಸುಳ್ಳು ಹೇಳೋನು ಸಂಸಾರದಲ್ಲಿ ನಿಜ ಹೇಳ್ತಾನೇನೇ?" ಎಂದು ದಿನವೂ ಕಿವಿಯೂದಿದೆ. ನನ್ನ ಬಾಯಿ ಜೋರೆಂದು ಇಡೀ ಬೀದಿಗೆ ಗೊತ್ತು. ಹೇಳಬೇಕಾದ ಒಂದು ಮಾತಿಗೆ ಮಾತ್ರ ಬೀಗ ಹಾಕಿಕೊಂಡೆ.

ತಾಂಬರಂನಲ್ಲಿ ನಿನಗೀಗ ಹೆಂಡತಿ, ಮಗು ಇದ್ದಾರಂತೆ. ಚೆನ್ನಾಗಿರಪ್ಪ. ಸುಮಾ ಗಿಟಾರ್ ಮಾರಿದಳು. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಎಷ್ಟೋ ಸಲ ಹೇಳಿಬಿಡೋಣ ಎಂದುಕೊಂಡು — ಇಲ್ಲ, ಹೇಳಲಿಲ್ಲ.

ನಿನಗೆ ಬರೆಯುವ ಮೊದಲು, ಇವತ್ತು ಬೆಳಿಗ್ಗೆ, ಅವಳಿಗೆ ಹೇಳಿದೆ. ಬೈಯಲಿ, ಮನೆ ಬಿಟ್ಟು ಹೋಗು ಎನ್ನಲಿ ಎಂದು ಕಾದೆ. ಹುರುಳಿಕಾಯಿ ಹೆಚ್ಚುತ್ತಿದ್ದವಳ ಕೈ ನಿಂತಿತು.

"ಅವನು ಅಳ್ತಾ ಇದ್ದ, ಅಮ್ಮ," ಎಂದಳು. "ನಾನು ಮುಖದ ಮೇಲೆ ಬಾಗಿಲು ಹಾಕಿದೆ."

ಆ ದಿನ ಬಾಗಿಲಲ್ಲಿ ಅವಳ ಪಕ್ಕದಲ್ಲೇ ನಾನೂ ನಿಂತಿದ್ದೆ, ಡೇವಿಡ್. ನೀನು ಅತ್ತದ್ದನ್ನು ನೋಡಿಕೊಂಡೇ ನಿಂತಿದ್ದೆ.