ನಾನು ಬೆಲ್ಲಕ್ಕಿಂತ ಭಾರವಾದ ದಿನ

ರಜಾಕಾರರ ಹಾವಳಿ ಅಡಗಿದ ಮರುವರ್ಷ ನನಗೆ ವಿಷಮಜ್ವರ ಬಂತು. ನಾನು ಉಳಿದರೆ ನನ್ನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅವ್ವ ಸನ್ನತಿಯ ಚಂದ್ರಲಾಂಬೆಗೆ ಬೇಡಿಕೊಂಡಳು. ಉಳಿದೆ. ಕೈಕಾಲು ಜೋಳದ ದಂಟು. ಮೈಯಲ್ಲಿ ಸೊರಗದೆ ಉಳಿದದ್ದು ಬಾಯೊಂದೇ.

ಹರಕೆಯ ದಿನ ನಸುಕಿನಲ್ಲೇ ಚಿತ್ತಾಪುರದ ಕಿರಾಣಿ ಅಂಗಡಿಯವ ನನ್ನನ್ನು ತಕ್ಕಡಿಗೇರಿಸಿ, ಸರಿಯಾಗಿ ಅಷ್ಟೇ ಬೆಲ್ಲ ಚೀಲಕ್ಕೆ ತುಂಬಿದ. ಅವ್ವ, ಸೋದರತ್ತೆ, ನಾನು ಬಂಡಿ ಹತ್ತಿದೆವು. ದಾರಿಯಲ್ಲಿ ನಾನು ಮೂರು ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ಮಜ್ಜಿಗೆ ಒಳಗಿಳಿಸಿದೆ. ಭೀಮೆಯಲ್ಲಿ ಮುಳುಗೆದ್ದು, ಒದ್ದೆ ಧೋತರದಲ್ಲೇ ಗುಡಿಯ ತಕ್ಕಡಿಯಲ್ಲಿ ಕೂತೆ. ನನ್ನ ತಟ್ಟೆ ದಪ್ಪನೆ ನೆಲ ಹಿಡಿಯಿತು. ಬೆಲ್ಲ ಮೇಲೆ ತೂಗಾಡಿತು.

"ಕಡಿಮಿ ತಂದೀರಿ! ದೇವಿಗೆ ಮೋಸ ಮಾಡಿದ್ರ ಜ್ವರ ತಿರುಗಿ ಬರ್ತದ!" ಅತ್ತೆ ಎದೆ ಬಡಿದುಕೊಂಡಳು.

ಅವ್ವನ ಮುಖ ಬಿಳಿಚಿತು. ಬೆಲ್ಲದ ಮೇಲಿಡಲು ಕಾಲಿನ ಬೆಳ್ಳಿ ಕಡಗ ಬಿಚ್ಚತೊಡಗಿದಳು. ತವರಿನದು ಅಂತ ಅವಳಲ್ಲಿದ್ದದ್ದು ಅದೊಂದೇ.

"ಕಡಗ ಬಿಚ್ಚಬ್ಯಾಡ," ಅಂದೆ. "ಬೆಲ್ಲ ಕಡಿಮಿ ಆಗಿಲ್ಲ, ನಾ ಹೆಚ್ಚಾಗೀನಿ."

"ಅರ್ಧ ದಿನದಾಗ ದಪ್ಪ ಆದ್ಯೇನೋ ಭಾಡ್ಯಾ?" ಅತ್ತೆ ಗದರಿದಳು.

ಅವಳದೇ ದನಿ ತೆಗೆದು ನಾನೂ ಎದೆ ಬಡಿದುಕೊಂಡೆ: "ಅಯ್ಯಯ್ಯೋ, ಮಜ್ಜಿಗಿ ಕುಡದಾಂವ ಭಾರ ಆಗ್ಯಾನ! ದೇವಿಗೆ ಮೋಸ!" ಪೂಜಾರಿ ಕೆಮ್ಮಿದಂತೆ ಮಾಡಿ ನಕ್ಕ. ನಾನು ಮುಂದುವರಿಸಿದೆ: "ಅತ್ತಿ, ನೀನೂ ಹತ್ತಿ ನೋಡು. ಉಂಡು ಒಮ್ಮೆ, ಬೈಲಕಡಿ ಹೋಗಿಬಂದು ಒಮ್ಮೆ. ಮೈ ಅಂದ್ರ ಶಹಾಬಾದಿನ ಕಲ್ಲೇನು, ಇಟ್ಟಷ್ಟೇ ಇರಾಕ? ಮುಂಜಾನಿ ಒಂದು ತೂಕ, ಮಧ್ಯಾಹ್ನ ಒಂದು. ಅವ್ವ ಬೇಡಿದ್ದು ನನ್ನ ಜೀವಕ್ಕ, ಈ ಒದ್ದಿ ಧೋತರಕ್ಕಲ್ಲ."

ಬಾಯಿಮಾತು ಸಾಲದೆಂದು ದೂರದ ಜಾಲಿಮರದತನಕ ಹೋಗಿ ಹಗುರಾಗಿ ಬಂದೆ. ಕೈಕಾಲು ತೊಳೆದು, ಒಣಗಿದ ಧೋತರ ಉಟ್ಟು ಮತ್ತೆ ಕೂತೆ. ತಟ್ಟೆ ನೆಲ ಬಿಟ್ಟಿತು. ಆದರೂ ಬೆಲ್ಲಕ್ಕಿಂತ ಅರ್ಧ ಗೇಣು ಕೆಳಗೇ.

"ಇದಕ್ಕೇನಂತಿ?" ಅತ್ತೆ ಕೈ ತಿರುವಿದಳು.

"ಇವು ಅವ್ವನ ರೊಟ್ಟಿ. ಇವನ್ನ ಇಳಸೂದಿಲ್ಲ. ಜ್ವರ ಬರೂದಿದ್ರ ಬರ್ಲಿ, ಉಂಡಾಂವನ್ನೇ ನೋಡಿ ಬರ್ಲಿ."

ಅವ್ವ ನನ್ನನ್ನೇ ದಿಟ್ಟಿಸಿದಳು. ಕಡಗವನ್ನು ಮರಳಿ ಕಾಲಿಗೆ ಒತ್ತಿದಳು. ಆಮೇಲೆ ಬಂಡಿಯಿಂದ ಬುತ್ತಿಯ ಗಂಟು ತಂದು ಬೆಲ್ಲದ ಮೇಲಿಟ್ಟು, "ಮಗ ಉಂಡಿದ್ದು ದೇವಿಗೂ ಇರ್ಲಿ," ಅಂದಳು.

ಎರಡೂ ತಟ್ಟೆ ಸಮನಾದವು.

ಅತ್ತೆಯ ಮಧ್ಯಾಹ್ನದ ಊಟ ಆ ಗಂಟಿನಲ್ಲೇ ಇತ್ತು. ಮರಳುವಾಗ ಬಂಡಿಯಲ್ಲಿ ಎಲ್ಲರಿಗಿಂತ ಹಗುರಾಗಿದ್ದವಳು ಅವಳೇ.