ಅಮಾಸಿ ದಿನ ಹೊರಟ ತವರುಮನೆ

ಮೊನ್ನೆ ಪಕ್ಕದ ಮನೆಯಲ್ಲಿ ಬಾಣಂತಿಗೆ ಉಂಡಿ ಕಟ್ಟಲು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಚಹಾ ಕುಡಿಯುವುದನ್ನೂ ಮರೆತು ಕೂತುಬಿಟ್ಟೆ... ಬಾಜೂಮನೆಯ ಕಾಕು ನೆನಪಾಗಿದ್ದಳು.

ನಾನು ಸೊರಟೂರಿನಿಂದ ಬೆಟಗೇರಿಯ ನೇಕಾರ ಓಣಿಗೆ ಸೊಸೆಯಾಗಿ ಬಂದಾಗ ಕಾಕು ನಮ್ಮ ಗೋಡೆಯ ಆಚೆ ಇದ್ದಳು. ಅವಳ ತವರು ಲಕ್ಷ್ಮೇಶ್ವರ. ಗಂಡ ತೀರಿಕೊಂಡಿದ್ದ. ಭಾವನ ಮನೆಯಲ್ಲಿ ಮಗ್ಗಕ್ಕೆ ನೂಲು ಸುತ್ತುತ್ತ ಒಬ್ಬಳೇ ಮಗಳನ್ನು ಬೆಳೆಸಿದ್ದಳು. ಆ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ, ಅವನಿಗೆ ಕೆಲಸವಿದ್ದ ಜಬಲ್ಪುರಕ್ಕೆ ಹೋಗಿಬಿಟ್ಟಿದ್ದಳು. ಈಗ ದಿನ ತುಂಬಿದ ಬಸುರಿ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದು. ಆದರೆ ಆ ಹುಡುಗಿ ನಮ್ಮ ಹೊಸ್ತಿಲು ತುಳಿಯಕೂಡದು ಎಂದು ಭಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಈ ಭಾವ ಅಂತಿಂಥವನಲ್ಲ. ಖಾದಿ ಟೊಪ್ಪಿಗೆಯವನು, ಏಕೀಕರಣದ ಸಭೆ ಎಲ್ಲಿದ್ದರೂ ಮುಂದಿನ ಸಾಲಿನವನು. ಮುಂಬೈ ಸೀಮೆಯವರು, ಹೈದರಾಬಾದಿನವರು, ಸಂಸ್ಥಾನದವರು ಎಲ್ಲ ಒಂದೇ ತಾಯಿಯ ಮಕ್ಕಳು ಎಂದು ಚೌಕಿನಲ್ಲಿ ಭಾಷಣ ಮಾಡಿ ಬಂದವನು, ಮನೆಯಲ್ಲಿ ಆ ಹುಡುಗಿಯ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಿದ್ದ. ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ ಅನ್ನುತ್ತಾರಲ್ಲ, ಹಾಗೆ.

ಕಾಕು ಅಳಲಿಲ್ಲ. "ಆಕಿ ಬರಾಕ ಆಗಲಿಲ್ಲಂದ್ರ ಏನಾತು, ತವರುಮನಿನ ಗಾಡಿ ಹತ್ತತೈತಿ" ಅಂದಳು.

ಹತ್ತುವುದೇನೋ ಸರಿ, ಯಾವ ಗಾಡಿ? ಗದಗಿನ ಆಚೆ ಹುಬ್ಬಳ್ಳಿಯನ್ನೂ ಕಂಡವಳಲ್ಲ ಅವಳು. ನಮ್ಮ ಮನೆಯವರು ಸ್ಟೇಶನ್ನಿನಿಂದ ಇಂಗ್ಲಿಷಿನ ವೇಳಾಪಟ್ಟಿ ತಂದುಕೊಟ್ಟರು. ಓಣಿಯ ಹೆಂಗಸರಲ್ಲಿ ನಾಲ್ಕಕ್ಷರ ಇಂಗ್ಲಿಷ್ ಬರುತ್ತಿದ್ದುದು ನನಗೆ, ಅದರ ಜಂಬವೂ ಸಾಕಷ್ಟಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ನಾವಿಬ್ಬರೂ ಕೂತೆವು. ಒಂದು ಕಡೆ ಆ ಪುಸ್ತಕ, ಇನ್ನೊಂದು ಕಡೆ ಪಂಚಾಂಗ. ಪುಸ್ತಕದ ತುಂಬ ಇರುವೆಯಂಥ ಅಕ್ಷರ, ಚುಕ್ಕಿ, ಶಿಲುಬೆ, ಅಡಿಟಿಪ್ಪಣಿ. ಹೋಗುವ ಗಾಡಿಯನ್ನು ಮೇಲಿನಿಂದ ಕೆಳಗೆ ಓದಬೇಕು, ಬರುವ ಗಾಡಿಯನ್ನು ಕೆಳಗಿನಿಂದ ಮೇಲಕ್ಕೆ. ಅದು ತಿಳಿಯದೆ ಮೊದಲ ದಿನ ನಾನು ಕಾಕುನನ್ನು ಹೊಟಗಿಯವರೆಗೆ ಒಯ್ದು ಮತ್ತೆ ಗದಗಿಗೇ ತಂದು ಇಳಿಸಿದೆ.

"ಜಬಲ್ಪುರ ಭಾಳ ಸಮೀಪ ಐತಿ ಬಿಡವಾ" ಎಂದು ಕಾಕು ನಕ್ಕಳು.

ಆಮೇಲೆ ದಾರಿ ಬಿಡಿಸಿಕೊಂಡಿತು. ಹೊಟಗಿ, ದೌಂಡ, ಮನಮಾಡ. ಮನಮಾಡದಿಂದ ನೇರ ಜಬಲ್ಪುರಕ್ಕೆ ಒಯ್ಯುವ, ಬರೀ ಮೂರನೇ ದರ್ಜೆಯ ಗಾಡಿಯೊಂದಿತ್ತು. ಆದರೆ ವಾರಕ್ಕೊಮ್ಮೆ, ಗುರುವಾರ ಮಾತ್ರ, ಅದೂ ನಡುರಾತ್ರಿ ದಾಟಿದ ಮೇಲೆ. ಉಳಿದ ಗಾಡಿಗಳಲ್ಲಿ ಹೋದರೆ ಹಿಂದಿ ಬಾರದವಳು ಇನ್ನೂ ಎರಡು ಕಡೆ ಇಳಿದು ಹತ್ತಬೇಕು. ಬುಧವಾರ ಇಲ್ಲಿ ಬಿಟ್ಟರೆ ಗುರುವಾರ ಸಂಜೆ ಮನಮಾಡ, ಆ ರಾತ್ರಿಯೇ ಗಾಡಿ. ಮಂಗಳವಾರದ ಅಮಾವಾಸ್ಯೆಯೂ ಕಳೆದಿರುತ್ತಿತ್ತು. ಇಬ್ಬರಿಗೂ ಖುಷಿಯೋ ಖುಷಿ.

ಎರಡು ದಿನ ಬಿಟ್ಟು ನೂಲು ಸುತ್ತುತ್ತಿದ್ದ ಕಾಕು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. "ತಂಗಿ, ಸ್ವಾತಂತ್ರ್ಯ ಬಂದ ರಾತ್ರಿ ನಾವು ಚೌಕಿನ್ಯಾಗ ಬಾವುಟ ನೋಡಿದ್ದು ಬೇಸ್ತವಾರ ರಾತ್ರಿ. ಪೇಪರಿನವ್ರು ಶುಕ್ರವಾರ ಬಂತು ಅಂದ್ರು. ಈ ರೈಲಿನವ್ರೂ ಹಂಗ ಎಣಿಸಿದ್ರ?"

ನಾನು ಪುಸ್ತಕ ತಂದು ಮತ್ತೆ ಬಿಡಿಸಿ ನೋಡಿದೆ. ನಮಗೆ ಸೂರ್ಯ ಹುಟ್ಟಿದರೆ ದಿನ. ಅವರಿಗೆ ನಡುರಾತ್ರಿಗೇ ದಿನ ಹುಟ್ಟುತ್ತದೆ. ಅವರ ಗುರುವಾರದ ಗಾಡಿ ಎಂದರೆ ನಮ್ಮ ಬುಧವಾರ ರಾತ್ರಿಯದು! ಅದನ್ನು ಹಿಡಿಯಬೇಕಾದರೆ ಮಂಗಳವಾರವೇ ಹೊರಡಬೇಕು. ಮಂಗಳವಾರ, ಅದರ ಮೇಲೆ ಅಮಾವಾಸ್ಯೆ. ಮುಂದಿನ ವಾರಕ್ಕೆ ಕಾದರೆ ಹೆರಿಗೆಯೇ ಆಗಿಹೋಗುತ್ತಿತ್ತು.

ಒಳಗಿನಿಂದ ನಮ್ಮ ಅತ್ತೆ ಓಡಿಬಂದರು. "ಅಮಾಸಿ ದಿನ ಬಸುರಿ ಹೆಸರಿನ್ಯಾಗ ಹೊರಡ್ತಿಯೇನ? ಬ್ಯಾಡವಾ, ನನ್ನ ಮಾತ ಕೇಳ."

"ಹೆರಿಗಿ ಬ್ಯಾನಿ ಪಂಚಾಂಗ ನೋಡಿ ಬರತೈತೇನ್ರಿ ವೈನಿ?" ಅಂದಳು ಕಾಕು.

ಬೇರೆ ದಿನವಾಗಿದ್ದರೆ ಸದ್ದಿಲ್ಲದೆ ಹೋಗಬಹುದಿತ್ತು. ಆದರೆ ನೇಕಾರರ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತವೆ. ಗಂಡಸರೆಲ್ಲ ಕಟ್ಟೆಯ ಮೇಲಿದ್ದರು. ನಮ್ಮ ಮನೆಯವರು ಟಾಂಗಾ ತಂದು ನಿಲ್ಲಿಸಿದರು. ಕಾಕು ಮಗಳಿಗೆಂದು ಕಟ್ಟಿದ ಅಂಟಿನ ಉಂಡಿಯ ಗಂಟು ಹೊತ್ತು ಹೊರಬಂದಳು. ಬಾಗಿಲಲ್ಲಿ ಭಾವ.

"ಇವತ್ತ ಹೋದ್ರ ಈ ಬಾಗಲಾ ನಿನಗ ಮತ್ತ ತೆರಿಯೂದಿಲ್ಲ."

ಕಾಕು ಅವನೆದುರು ದನಿಯೆತ್ತಿದ್ದನ್ನು ನಾನು ಅದೊಮ್ಮೆ ಮಾತ್ರ ಕೇಳಿದೆ. "ಹರಕೊಂಡ ನಾಡು ಒಂದ ಮಾಡಾಕ ಊರೂರು ತಿರಗತೀರಿ, ಒಂದ ಹುಡುಗಿನ್ನ ಮನಿಯೊಳಗ ಕರಿಯಾಕ ಆಗಲಿಲ್ಲಲ್ರಿ ನಿಮಗ! ನೀವು ಬಾಗಲಾ ಹಾಕ್ಕೋರಿ. ನಾ ಹೊಂಟೆ."

ಆಗ ನಮ್ಮ ಅತ್ತೆ, ಅಮಾವಾಸ್ಯೆಗೆ ತಲೆ ಕೂಡ ಬಾಚದ ಹೆಂಗಸು, ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಹೊರಗೆ ಬಂದರು. ಭಾವನ ಕಣ್ಣೆದುರೇ ಅವನ್ನು ಕಾಕುನ ಗಂಟಿಗೆ ಸೇರಿಸಿದರು. "ಹುಡುಗಿ ಉಡಿ ತುಂಬು. ಬೆಟಗೇರಿಯಿಂದ ಬಂದದ್ದು ಅಂತ ಹೇಳು" ಅಂದರು. ನನ್ನ ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಕಾಕು ಜಬಲ್ಪುರ ಮುಟ್ಟಿದಳು. ಅವಳ ಕೈಯಲ್ಲೇ ಹೆರಿಗೆಯಾಯಿತು, ಹೆಣ್ಣುಮಗು ಎಂದು ಸುದ್ದಿ ಬಂತು. ಭಾವನೂ ಆಡಿದಂತೆ ನಡೆದ. ಬಾಗಿಲು ತೆರೆಯಲಿಲ್ಲ. ಮಗಳ ಮನೆಯಲ್ಲೇ ಇದ್ದು, ಕಾಕು ಅಲ್ಲೇ ಮಣ್ಣಾದಳು. ಟಾಂಗಾದಲ್ಲಿ ಕೂತು ತಿರುಗಿ ನೋಡಿದ್ದೇ ಕೊನೆ... ಮತ್ತೆ ನಾನು ಅವಳನ್ನು ಕಾಣಲಿಲ್ಲ.

ಈ ಸಲ ರಾಜ್ಯೋತ್ಸವಕ್ಕೆ ಓಣಿಯ ಹುಡುಗರು ಭಾವನ ಫೋಟೋ ಇಟ್ಟು, ಹಿರಿಯಳೆಂದು ನನ್ನ ಕೈಗೆ ಹಾರ ಕೊಟ್ಟರು. "ಏಕೀಕರಣಕ್ಕ ದುಡದವ್ರು, ನೀವ ಹಾಕ್ರಿ ಅಜ್ಜಿ." ದುಡಿದದ್ದು ಖರೆ, ಇಲ್ಲವೆನ್ನುವುದಿಲ್ಲ. ಆದರೆ ಕಾಕುನದೊಂದು ಫೋಟೋ ಎಲ್ಲಿಯೂ ಇಲ್ಲ. ಅವಳ ಮುಖ ಬಲ್ಲವಳು ಈ ಓಣಿಯಲ್ಲಿ ಇನ್ನು ನಾನೊಬ್ಬಳೇ. ನಾನೂ ಹೋದರೆ ಅದೂ ಹೋಯಿತು. ಹಾರವನ್ನು ಹುಡುಗರ ಕೈಗೇ ತಿರುಗಿ ಕೊಟ್ಟು, "ನಾ ಹಾಕೂದಿಲ್ಲಪಾ" ಅಂದೆ. ಯಾಕೆಂದು ಕೇಳಿದರು. ಎಲ್ಲರನ್ನೂ ಕೂಡಿಸಿಕೊಂಡು ಹೇಳಿದೆ.